ಬರೆಯದೆ ಬಿಟ್ಟ ತಾಯಿಯ ಹೆಸರು

(ಹೈದರಾಬಾದಿನಲ್ಲಿ ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದಿನ ಉಪನ್ಯಾಸಕ್ಕೆ ಕಾರ್ಯದರ್ಶಿಗಳು ವಿಷಯ ಕೇಳಿದಾಗ ‘ಡಿಎನ್‌ಎ ಪರೀಕ್ಷೆ ಮತ್ತು ವಸಾಹತು ಕಾಲದ ಮನೆತನಗಳು’ ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, ‘ಇದಕ್ಕೂ ಕನ್ನಡ ಸಂಘಕ್ಕೂ ಏನು ಸಂಬಂಧ ಸಾರ್?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡುವುದೇ ಈ ಭಾಷಣದ ಉದ್ದೇಶ. ನಾನು ವಿಜ್ಞಾನಿಯಲ್ಲ. ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಆಮೇಲೆ ಮೂವತ್ತು ವರ್ಷ ಕೇಂದ್ರ ಸರ್ಕಾರದ ಕಡತಗಳ ನಡುವೆ ಬಾಳಿದವನು. ಕಡತ ಕೈಗೆ ಬಂದೊಡನೆ ಅದರಲ್ಲಿ ಯಾವ ಕಾಲಂ ಖಾಲಿ ಬಿಟ್ಟಿದ್ದಾರೆಂದು ನೋಡುವುದು ನನ್ನ ವೃತ್ತಿ ಕಲಿಸಿದ ಅಭ್ಯಾಸ. ಇಂದು ಹೇಳಹೊರಟಿರುವುದೂ ಅಂಥದೊಂದು ಖಾಲಿ ಕಾಲಮ್ಮಿನ ಕಥೆಯೇ.

ಸಿಕಂದರಾಬಾದಿನ ಲಾಲಾಗುಡದಲ್ಲಿ ನನಗೊಬ್ಬ ಹಿರಿಯ ಗೆಳೆಯರಿದ್ದಾರೆ. ರೈಲ್ವೆಯಿಂದ ನಿವೃತ್ತರಾದ ಆಂಗ್ಲೋ-ಇಂಡಿಯನ್ ಗೃಹಸ್ಥರು. ಈಗ ಎಂಬತ್ತರ ಆಸುಪಾಸು. ಹೊರದೇಶದಲ್ಲಿ ನೆಲೆಸಿರುವ ಅವರ ಮಗಳು ಒಮ್ಮೆ ರಜೆಗೆ ಬಂದಾಗ ತಂದೆಯ ಉಗುಳನ್ನು ಒಂದು ಪುಟ್ಟ ನಳಿಕೆಯಲ್ಲಿ ತೆಗೆದುಕೊಂಡು ಹೋಗಿ ಪರೀಕ್ಷೆಗೆ ಕೊಟ್ಟಳು. ಅವರ ಮನೆಯಲ್ಲಿ ತಲೆಮಾರುಗಳಿಂದ ಒಂದು ಮಾತು ಬಂದಿತ್ತು: ತಾಯಿಯ ಕಡೆಯ ಮೂಲಸ್ತ್ರೀ ಪೋರ್ಚುಗೀಸ್ ಹೆಂಗಸು, ಅದಕ್ಕೇ ಮನೆಯವರ ಕಣ್ಣು ಕೂದಲು ಕಪ್ಪು ಎಂದು. ಪರೀಕ್ಷೆಯ ವರದಿ ಬೇರೆಯೇ ಹೇಳಿತು. ತಾಯಿಯ ಬಳ್ಳಿ ಅಪ್ಪಟ ಭಾರತದ್ದು. ಮಗಳು ಹಳೆಯ ದಾಖಲೆಗಳನ್ನು ಹುಡುಕಿಸಿದಳು. ಗೆಳೆಯರ ತಾಯಿಯ ತಾಯಿಯ ತಾಯಿಯ ತಾಯಿ 1830ರ ದಶಕದಲ್ಲಿ ಬಳ್ಳಾರಿಯ ದಂಡಿನ ಪ್ರದೇಶದಲ್ಲಿ ದೀಕ್ಷಾಸ್ನಾನ ಪಡೆದ ಮಗು. ದಾಖಲೆಯಲ್ಲಿ ಮಗುವಿನ ಹೆಸರಿದೆ, ತಂದೆಯ ಹೆಸರಿದೆ, ಅವನ ದರ್ಜೆಯಿದೆ, ಪಾದ್ರಿಯ ರುಜುವಿದೆ. ತಾಯಿಯ ಹೆಸರಿಲ್ಲ.

ವರದಿಯನ್ನೂ ಆ ದಾಖಲೆಯ ನಕಲನ್ನೂ ನನ್ನ ಮುಂದಿಟ್ಟು ಗೆಳೆಯರು ಕೇಳಿದರು: ‘ಹಾಗಾದರೆ ಅವಳು ಯಾರು?’ ಅವರಿಗೆ ಅವಮಾನವಾಗಿರಲಿಲ್ಲ, ದುಃಖವಾಗಿತ್ತು. ‘ಎಂಬತ್ತು ವರ್ಷ ಇಲ್ಲದ ಒಬ್ಬ ಪೋರ್ಚುಗೀಸಳನ್ನು ನೆನೆದೆವು, ಇದ್ದವಳನ್ನು ಮರೆತೆವು’ ಎಂದರು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ನಾನು ಓದಿದ್ದನ್ನೇ ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಪರೀಕ್ಷೆಯ ಸ್ವರೂಪವನ್ನು ತಿಳಿಯೋಣ. ನಮ್ಮ ಜೀವಕೋಶದಲ್ಲಿರುವ ಡಿಎನ್‌ಎಯನ್ನು ವಂಶ ಹುಡುಕುವವರು ಮೂರು ಬಗೆಯಾಗಿ ಓದುತ್ತಾರೆ. ಒಂದು, ವೈ ವರ್ಣತಂತು. ಇದು ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಮಾತ್ರ ಹೋಗುತ್ತದೆ. ಎರಡು, ಮೈಟೊಕಾಂಡ್ರಿಯದ ಡಿಎನ್‌ಎ. ಇದು ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ. ಆದರೆ ಮುಂದಕ್ಕೆ ದಾಟಿಸುವವಳು ಮಗಳು ಮಾತ್ರ. ಮಗನಲ್ಲಿ ಅದು ಇರುತ್ತದೆ, ಅವನೊಂದಿಗೇ ಮುಗಿಯುತ್ತದೆ. ಮೂರನೆಯದು, ಉಳಿದ ವರ್ಣತಂತುಗಳು. ಇವು ಎರಡೂ ಕಡೆಯಿಂದ ಬೆರೆತು ಬರುತ್ತವೆ. ತಂದೆ ತಾಯಿಯರಿಂದ ಅರ್ಧರ್ಧ, ಅಜ್ಜ ಅಜ್ಜಿಯರಿಂದ ಸುಮಾರು ಕಾಲು ಕಾಲು. ಹೀಗೆ ಏಳು ತಲೆಮಾರು ಹಿಂದೆ ಹೋದರೆ ಒಬ್ಬ ಪೂರ್ವಿಕಳ ಪಾಲು ಸರಾಸರಿ 128ರಲ್ಲಿ 1 ಭಾಗ. ಹತ್ತು ತಲೆಮಾರಿಗೆ ನಮಗೆ 1024 ಪೂರ್ವಿಕರು. ಅವರಲ್ಲಿ ಅನೇಕರ ಒಂದು ತುಣುಕೂ ನಮ್ಮ ದೇಹದಲ್ಲಿ ಉಳಿದಿರುವುದಿಲ್ಲ. ವಂಶವೃಕ್ಷದಲ್ಲಿರುವ ಎಲ್ಲರೂ ರಕ್ತದಲ್ಲಿ ಇರಲಾರರು ಎಂಬ ಈ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಇನ್ನು ನಮ್ಮ ಕೋಠಿಗೆ ಬರೋಣ. ಈ ಸಭಾಂಗಣದಿಂದ ಅದು ಅರ್ಧ ಗಂಟೆಯ ನಡಿಗೆ. ಪುಸ್ತಕ ಕೊಳ್ಳಲು, ಬಟ್ಟೆ ಕೊಳ್ಳಲು, ಬಸ್ಸು ಬದಲಿಸಲು ನಾವೆಲ್ಲ ಅಲ್ಲಿಗೆ ಹೋಗುತ್ತೇವೆ. ಕೋಠಿ ಎಂದರೆ ದೊಡ್ಡ ಬಂಗಲೆ. ಯಾರ ಬಂಗಲೆ ಎಂದು ಕೇಳುವವರು ಕಡಿಮೆ. ಅದು ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟನ ಬಂಗಲೆ. 1798ರಿಂದ 1805ರವರೆಗೆ ನಿಜಾಮರ ದರ್ಬಾರಿನಲ್ಲಿ ಕಂಪನಿಯ ರೆಸಿಡೆಂಟನಾಗಿದ್ದ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಇದನ್ನು ಕಟ್ಟಲು ಆರಂಭಿಸಿದ. ನಕ್ಷೆ ಮದರಾಸಿನ ಎಂಜಿನಿಯರ್ ದಳದ ಸ್ಯಾಮ್ಯುಯೆಲ್ ರಸೆಲನದು. 1949ರಲ್ಲಿ ಮಹಿಳಾ ಕಾಲೇಜು ಈ ಕಟ್ಟಡಕ್ಕೆ ಬಂದಿತು. ಇಂದು ಆ ಆವರಣ ಚಾಕಲಿ ಐಲಮ್ಮನವರ ಹೆಸರಿನ ಮಹಿಳಾ ವಿಶ್ವವಿದ್ಯಾಲಯ. ಬಹುಕಾಲ ಶಿಥಿಲವಾಗಿದ್ದ ಮುಖ್ಯ ಕಟ್ಟಡ ಜೀರ್ಣೋದ್ಧಾರಗೊಂಡು 2023ರಲ್ಲಿ ಮತ್ತೆ ತೆರೆದಿದೆ. ನೋಡದವರು ಹೋಗಿ ನೋಡಬೇಕು.

ಕರ್ಕ್‌ಪ್ಯಾಟ್ರಿಕ್ ಮದುವೆಯಾದದ್ದು ಖೈರುನ್ನಿಸಾ ಬೇಗಂ ಎಂಬ ತರುಣಿಯನ್ನು. ಆಕೆ ನಿಜಾಮರ ಮಂತ್ರಿ ಮೀರ್ ಆಲಂನ ಬಂಧುವರ್ಗದ, ಇರಾನಿನ ಮೂಲವನ್ನು ಹೇಳಿಕೊಳ್ಳುತ್ತಿದ್ದ ಸಯ್ಯದ್ ಮನೆತನದವಳು. ಗೋಷಾದಲ್ಲಿದ್ದ ಆಕೆಗೆ ಬಂಗಲೆಯ ಮುಂಭಾಗ ಕಾಣುವಂತಿರಲಿಲ್ಲವಾದ್ದರಿಂದ ಹಿಂದಿನ ತೋಟದಲ್ಲಿ ಅದರದೇ ಪುಟ್ಟ ಮಾದರಿಯೊಂದನ್ನು ಕಟ್ಟಿಸಿಕೊಟ್ಟನೆಂದು ಹೇಳುತ್ತಾರೆ. 1801ರಲ್ಲಿ ಮಗ ಹುಟ್ಟಿದ, 1802ರಲ್ಲಿ ಮಗಳು. ಮನೆಯಲ್ಲಿ ಅವರನ್ನು ಸಾಹಿಬ್ ಆಲಂ, ಸಾಹಿಬ್ ಬೇಗಂ ಎಂದು ಕರೆಯುತ್ತಿದ್ದರು. 1805ರಲ್ಲಿ ಇಬ್ಬರನ್ನೂ ಇಂಗ್ಲೆಂಡಿಗೆ ಕಳುಹಿಸಲಾಯಿತು. ಅದೇ ಅಕ್ಟೋಬರಿನಲ್ಲಿ ತಂದೆ ಕಲ್ಕತ್ತೆಯಲ್ಲಿ ತೀರಿಕೊಂಡ. 1806ರಲ್ಲಿ ಲಂಡನ್ನಿನ ಚರ್ಚಿನಲ್ಲಿ ಮಕ್ಕಳಿಗೆ ವಿಲಿಯಂ ಜಾರ್ಜ್, ಕ್ಯಾಥರೀನ್ ಅರೋರಾ ಎಂದು ಹೆಸರಿಟ್ಟರು. ಹೈದರಾಬಾದಿನ ಹೆಸರುಗಳು ಅಲ್ಲಿಗೆ ಮುಗಿದವು. ತಾಯಿ ಮಕ್ಕಳನ್ನು ಮತ್ತೆ ಕಾಣಲಿಲ್ಲ. 1813ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ, ಆಕೆ ಕಣ್ಮುಚ್ಚಿದಳು.

ಮಗಳು ಕಿಟ್ಟಿ ಎಂಬ ಹೆಸರಿನಿಂದ ಬೆಳೆದಳು. ಲೇಖಕ ಥಾಮಸ್ ಕಾರ್ಲೈಲನಿಗೆ ಪರಿಚಿತಳಾಗಿ, ಅವನ ‘ಸಾರ್ಟರ್ ರಿಸಾರ್ಟಸ್’ ಕೃತಿಯ ಬ್ಲೂಮಿನ್ ಪಾತ್ರಕ್ಕೆ ಪ್ರೇರಣೆಯಾದವಳೆಂದು ಹೇಳಲಾಗುತ್ತದೆ. ನನಗೆ ಮುಖ್ಯವೆನಿಸುವುದು ಆಕೆಯ ನಡುವಯಸ್ಸಿನ ಒಂದು ಘಟನೆ. ಹೈದರಾಬಾದ್ ಬಿಡುವಾಗ ಅಣ್ಣನೊಂದಿಗೆ ತಾನಿದ್ದ ಚಿತ್ರವನ್ನು, ಮದರಾಸಿನಲ್ಲಿ ಜಾರ್ಜ್ ಚಿನ್ನರಿ ಬರೆದದ್ದನ್ನು, ಆಕೆ ಇಂಗ್ಲೆಂಡಿನ ಮನೆಯೊಂದರಲ್ಲಿ ಕಂಡಳು. ಅಲ್ಲಿಂದ ತನ್ನವರ ವಿಚಾರಣೆ ನಡೆಸಿ, 1841ರಿಂದ ಹೈದರಾಬಾದಿನಲ್ಲಿ ಇನ್ನೂ ಬದುಕಿದ್ದ ತಾಯಿಯ ತಾಯಿ ಶರಫುನ್ನಿಸಾಳೊಂದಿಗೆ ಪತ್ರವ್ಯವಹಾರ ಆರಂಭಿಸಿದಳು. ಮೊಮ್ಮಗಳು ಇಂಗ್ಲಿಷಿನವಳು, ಅಜ್ಜಿ ಪಾರಸಿಯವಳು. ನಡುವೆ ಅನುವಾದಕರು, ಹಡಗುಗಳು, ತಿಂಗಳುಗಳು. ಆದರೂ ಹಲವು ವರ್ಷ ಆ ಕಾಗದಗಳು ಓಡಾಡಿದವು. ಮೂರು ವರ್ಷದ ಮಗುವಾಗಿದ್ದಾಗ ಕಡಿದ ಸಂಬಂಧವನ್ನು ನಲವತ್ತರ ಹೆಂಗಸು ಲೇಖನಿಯಿಂದ ಹೊಲಿದಳು.

ಕಿಟ್ಟಿಯ ಹೆಣ್ಣುಮಕ್ಕಳ ಹೆಣ್ಣುಮಕ್ಕಳಲ್ಲಿ ಖೈರುನ್ನಿಸಾಳ ಮೈಟೊಕಾಂಡ್ರಿಯ ಮುಂದುವರಿಯುತ್ತದೆ. ಅಣ್ಣ ವಿಲಿಯಂನ ಮಕ್ಕಳಿಗೆ ಅದು ಹೋಗದು, ಅವರೂ ಅಷ್ಟೇ ಮೊಮ್ಮಕ್ಕಳಾದರೂ. ಇಷ್ಟನ್ನು ಪರೀಕ್ಷೆ ಹೇಳಬಲ್ಲದು. ಆದರೆ ಖೈರುನ್ನಿಸಾ ಎಂಬ ಹೆಸರು, ಆ ತೋಟ, ಆ ಅಗಲಿಕೆ ನಮಗೆ ತಿಳಿದಿರುವುದು ಕಾಗದಗಳು ಉಳಿದುದರಿಂದ. 2002ರಲ್ಲಿ ‘ವೈಟ್ ಮುಘಲ್ಸ್’ ಎಂಬ ಗ್ರಂಥದಲ್ಲಿ ಈ ಕಥೆಯನ್ನು ವಿಸ್ತಾರವಾಗಿ ಬರೆದ ವಿಲಿಯಂ ಡಾಲ್ರಿಂಪಲ್ ಆಧರಿಸಿದ್ದು ಪತ್ರಗಳನ್ನೂ ದಫ್ತರುಗಳನ್ನೂ.

ರೆಸಿಡೆನ್ಸಿಯ ನೆರೆಯಲ್ಲೇ ಇನ್ನೊಂದು ಮನೆತನವಿತ್ತು. ಅದರ ನಂಟು ನನ್ನ ಸ್ವಂತ ಸೀಮೆಯಾದ ಸುರಪುರದವರೆಗೆ ಬರುತ್ತದೆ. ಜನರಲ್ ವಿಲಿಯಂ ಪಾಮರ್ ಮತ್ತು ಫೈಜ್ ಬಕ್ಷ್ ಬೇಗಂ ಅವರ ಮಗ ವಿಲಿಯಂ ಪಾಮರ್ ಹೈದರಾಬಾದಿನ ಹೆಸರಾಂತ ಸಾಹುಕಾರ. ನಿಜಾಮರ ಸರ್ಕಾರಕ್ಕೇ ಸಾಲ ಕೊಟ್ಟವನು. ಅವನ ಮಗಳು ಮೇರಿಯ ಕೈಹಿಡಿದವನು ಫಿಲಿಪ್ ಮೆಡೋಸ್ ಟೇಲರ್. 1840ರ ದಶಕದ ಆರಂಭದಲ್ಲಿ ಸುರಪುರಕ್ಕೆ ಬಂದು, ಸುಮಾರು ಹನ್ನೆರಡು ವರ್ಷ ಅಲ್ಲಿ ಆಡಳಿತ ನೋಡಿದವನು ಈ ಟೇಲರನೇ. ಬಾಲಕ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಆ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಯಾಗಿ, ಅದೇ ವರ್ಷ ಪ್ರಾಣಬಿಟ್ಟದ್ದು ನಮ್ಮ ಸೀಮೆಯ ಆರದ ಗಾಯ. ನಾನು ಹುಡುಗನಾಗಿದ್ದಾಗ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡುತ್ತ ‘ಬಿಳಿಯ ಸಾಹೇಬನ ಮನೆ’ ಎಂದುಕೊಳ್ಳುತ್ತಿದ್ದೆ. ಆ ಸಾಹೇಬನ ಹೆಣ್ಣುಮಕ್ಕಳಿಗೆ ಫೈಜ್ ಬಕ್ಷ್ ಬೇಗಂ ಮುತ್ತಜ್ಜಿ ಎಂದು ತಿಳಿದದ್ದು ಬಹಳ ತಡವಾಗಿ. ಇಲ್ಲಿ ಒಂದು ಸೂಕ್ಷ್ಮವಿದೆ. ಬೇಗಂಳಿಂದ ಬಂದದ್ದು ಮಗನಿಗೆ. ಮಗನಿಂದ ಮಗಳಿಗೆ ಮೈಟೊಕಾಂಡ್ರಿಯ ದಾಟದು. ಆದ್ದರಿಂದ ಟೇಲರನ ಹೆಣ್ಣುಮಕ್ಕಳ ತಾಯಿಬಳ್ಳಿಯನ್ನು ಎಷ್ಟು ಪರೀಕ್ಷಿಸಿದರೂ ಫೈಜ್ ಬಕ್ಷ್ ಸಿಗುತ್ತಿರಲಿಲ್ಲ. ಪರೀಕ್ಷೆಗೆ ಕಾಣದವಳು ಕಾಗದಕ್ಕೆ ಕಂಡಿದ್ದಾಳೆ.

ಇದಕ್ಕೆ ತಿರುಗುಮುರುಗಾದ ನಿದರ್ಶನ ಸೂರತ್ತಿನದು. ಅಲ್ಲಿ ವರ್ತಕ ಥಿಯೋಡರ್ ಫೋರ್ಬ್ಸನ ಮನೆವಾರ್ತೆ ನೋಡುತ್ತಿದ್ದ, ಅವನ ಮಕ್ಕಳ ತಾಯಿಯೂ ಆಗಿದ್ದ ಎಲೈಜಾ ಕೆವಾರ್ಕ್ ಎಂಬಾಕೆಯನ್ನು ಅರ್ಮೇನಿಯದವಳೆಂದೇ ನಂಬಲಾಗಿತ್ತು. ಅವಳ ಮಗಳು ಕ್ಯಾಥರೀನಳನ್ನು ಬ್ರಿಟನ್ನಿಗೆ ಕಳುಹಿಸಿದರು. ಅಲ್ಲಿಂದ ತಾಯಿಯಿಂದ ಮಗಳಿಗೆ ಇಳಿದ ಬಳ್ಳಿ ರಾಜಕುಮಾರಿ ಡಯಾನಾವರೆಗೆ ಬರುತ್ತದೆ. 2013ರಲ್ಲಿ ಆ ಬಳ್ಳಿಯ ಬಂಧುಗಳ ಉಗುಳನ್ನು ಪರೀಕ್ಷಿಸಿದ ಖಾಸಗಿ ಸಂಸ್ಥೆಯೊಂದು, ಅದರಲ್ಲಿ ಸಿಕ್ಕ ಆರ್30ಬಿ ಎಂಬ ಅಪರೂಪದ ಗುರುತು ಭಾರತದ ಕಡೆಯದೆಂದು ಪ್ರಕಟಿಸಿತು. ಬ್ರಿಟನ್ನಿನ ಸಿಂಹಾಸನಕ್ಕೆ ಬರಬೇಕಾದ ವಿಲಿಯಂ ಏಳನೆಯ ತಲೆಮಾರಿನಲ್ಲಿ ಸೂರತ್ತಿನ ಹೆಂಗಸಿನ ಸಂತಾನವೆಂದು ಪತ್ರಿಕೆಗಳು ಸಂಭ್ರಮಿಸಿದವು. ವಿದ್ವತ್ ಪತ್ರಿಕೆಗೆ ಮೊದಲು ವಾರ್ತಾಪತ್ರಿಕೆಗೆ ಹೋದ ವಿಜ್ಞಾನವನ್ನು ಎಚ್ಚರದಿಂದ ಓದಬೇಕು. ಪರೀಕ್ಷೆ ಮಾರುವವರಿಗೆ ಪ್ರಚಾರವೂ ಬೇಕಾಗಿರುತ್ತದೆ. ಆದರೂ ಒಂದು ಮಾತು ಗಮನಾರ್ಹ. ಕೆವಾರ್ಕ್ ಎಂಬುದು ಅರ್ಮೇನಿಯದ ಹೆಸರು. ತಂದೆ ಅರ್ಮೇನಿಯನ್, ತಾಯಿ ಭಾರತೀಯಳು ಆಗಿದ್ದರೆ ಹೆಸರೂ ಸುಳ್ಳಲ್ಲ, ಪರೀಕ್ಷೆಯೂ ಸುಳ್ಳಲ್ಲ. ಹೆಸರು ತಂದೆಯನ್ನು ಹೇಳಿತು, ಉಗುಳು ತಾಯಿಯನ್ನು ಹೇಳಿತು.

ಬಂಧುಗಳೆ, ನನ್ನ ಮಾತಿನ ತಿರುಳು ಇಲ್ಲಿದೆ. ವಸಾಹತು ಕಾಲದ ಕಡತ ತಂದೆಯ ಕಡತ. 1791ರಲ್ಲಿ ಕಂಪನಿ, ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದರೂ ಅಂಥವರಿಗೆ ತನ್ನ ಮುಲ್ಕಿ ಮತ್ತು ಲಷ್ಕರಿ ಹುದ್ದೆಗಳ ಬಾಗಿಲು ಮುಚ್ಚಿತು. ತಾಯಿಯ ಹೆಸರು ಹೇಳುವುದೇ ಮಗನ ಅನ್ನಕ್ಕೆ ಕುತ್ತಾದಾಗ ಯಾರು ತಾನೆ ಹೇಳಿಯಾರು? ಪೋರ್ಚುಗೀಸ್ ಅಜ್ಜಿ, ಸ್ಪ್ಯಾನಿಷ್ ಅಜ್ಜಿ ಹುಟ್ಟಿಕೊಂಡದ್ದು ಹೀಗೆ. ಅದು ಬರಿಯ ಒಣಜಂಬದಿಂದ ಹುಟ್ಟಿದ ಸುಳ್ಳಲ್ಲ, ಹೊಟ್ಟೆಪಾಡಿನ ಸುಳ್ಳು. ಸ್ವತಂತ್ರ ಭಾರತದ ಸಂವಿಧಾನವೂ 366ನೆಯ ಅನುಚ್ಛೇದದಲ್ಲಿ ಆಂಗ್ಲೋ-ಇಂಡಿಯನ್ ಯಾರೆಂದು ಹೇಳುವಾಗ ಗಂಡಸಿನ ಬಳ್ಳಿಯನ್ನೇ ಹಿಡಿಯಿತು: ತಂದೆ, ಅಥವಾ ತಂದೆಯ ಕಡೆಯ ಪೂರ್ವಿಕ, ಯುರೋಪಿಯನ್ ಆಗಿರಬೇಕು. ಆ ಸಮುದಾಯಕ್ಕಿದ್ದ ನಾಮಕರಣದ ಸ್ಥಾನಗಳು 104ನೆಯ ತಿದ್ದುಪಡಿಯಿಂದಾಗಿ 2020ರ ಜನವರಿಯಲ್ಲಿ ಕೊನೆಗೊಂಡವು. ವ್ಯಾಖ್ಯೆ ಉಳಿದಿದೆ, ಅದರಲ್ಲಿ ತಾಯಿಗೆ ಇಂದಿಗೂ ಜಾಗವಿಲ್ಲ.

ಕಾಗದವೇ ಇಲ್ಲದವರ ಪಾಡೇನು? ಅದಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ನೋಡಬೇಕು. ಯಲ್ಲಾಪುರ, ಹಳಿಯಾಳಗಳ ಕಾಡಿನಂಚಿನಲ್ಲಿ ಬಾಳುವ ಈ ಜನರ ಹಿರಿಯರನ್ನು ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ತಂದರು. ಸರಕಿನ ಲೆಕ್ಕದಲ್ಲಿ ಸರಕಿಗೆ ಅಜ್ಜ ಅಜ್ಜಿಯರ ಹೆಸರು ಬರೆಯುವುದಿಲ್ಲ. ಇದೇ ಹೈದರಾಬಾದಿನ ಕೋಶೀಯ ಮತ್ತು ಅಣುಜೀವಶಾಸ್ತ್ರ ಕೇಂದ್ರದ, ಅಂದರೆ ನಾವು ಸಿಸಿಎಂಬಿ ಎನ್ನುವ ಸಂಸ್ಥೆಯ, ವಿಜ್ಞಾನಿಗಳು ಸಹೋದ್ಯೋಗಿಗಳೊಡನೆ 2011ರಲ್ಲಿ ಪ್ರಕಟಿಸಿದ ಅಧ್ಯಯನ ಸಿದ್ದಿಗಳ ಮೂಲವನ್ನು ಆಫ್ರಿಕದ ಬಂಟು ಭಾಷಿಕ ಜನರಲ್ಲಿ ಗುರುತಿಸಿತು. ಸ್ಥಳೀಯ ಜನರೊಡನೆ ಅವರ ಬೆರಕೆ ಕಳೆದ ಎಂಟು ತಲೆಮಾರುಗಳಲ್ಲಿ, ಎಂದರೆ ಸುಮಾರು 200 ವರ್ಷಗಳಲ್ಲಿ ನಡೆದಿರಬೇಕೆಂದೂ, ಪೋರ್ಚುಗೀಸರ ಅಂಶವೂ ಇರಬಹುದೆಂದೂ ಅದು ಅಂದಾಜು ಮಾಡಿತು. ಒಡೆಯರು ಬರೆಯದೆ ಬಿಟ್ಟದ್ದನ್ನು ದೇಹ ಬರೆದಿಟ್ಟುಕೊಂಡಿತ್ತು. ವಿಜ್ಞಾನ ಇಂಥವರ ಪರವಾಗಿ ಸಾಕ್ಷಿ ನುಡಿದಾಗ ಅದಕ್ಕೆ ತಲೆಬಾಗಬೇಕು.

ಹಾಗೆಂದು ನಾಳೆಯೇ ಎಲ್ಲರೂ ನಳಿಕೆಗೆ ಉಗುಳಿ ಕಳುಹಿಸಿ ಎಂದು ನಾನು ಹೇಳುವುದಿಲ್ಲ. ವರದಿಯ ಶೇಕಡಾವಾರು ಅಂಕಿಗಳು ಸಂಸ್ಥೆಯ ಬಳಿ ಇರುವ ಮಾದರಿಗಳೊಡನೆ ಹೋಲಿಸಿ ತೆಗೆದ ಅಂದಾಜು. ಮಾದರಿ ಬದಲಾದರೆ ಅಂಕಿಯೂ ಬದಲಾಗುತ್ತದೆ. ಅಮೆರಿಕದ 23ಆಂಡ್‌ಮಿ ಎಂಬ ಪ್ರಸಿದ್ಧ ಸಂಸ್ಥೆಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಸೋರಿತು. 2025ರ ಮಾರ್ಚಿಯಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ನಾವು ಕೊಡುವ ಉಗುಳಿನಲ್ಲಿ ಅಣ್ಣತಮ್ಮಂದಿರ, ಮಕ್ಕಳ, ಇನ್ನೂ ಹುಟ್ಟದ ಮೊಮ್ಮಕ್ಕಳ ಗುಟ್ಟೂ ಸೇರಿದೆ. ಇನ್ನು ನಮ್ಮ ನಾಡಿನಲ್ಲಂತೂ ಜಾತಿಯ ಶುದ್ಧಿ, ತಳಿಯ ಹೆಮ್ಮೆಗೆ ಇದನ್ನು ಬಳಸುವವರು ಬಂದೇ ಬರುತ್ತಾರೆ. ಅವರಿಗೆ ವಿಜ್ಞಾನ ಕೊಡುವ ಉತ್ತರ ಒಂದೇ: ಬೆರೆಯದ ವಂಶ ಎಲ್ಲಿಯೂ ಇಲ್ಲ.

ಈಗ ಗೆಳೆಯರ ಪ್ರಶ್ನೆಗೆ ಮರಳುತ್ತೇನೆ. 1800ರ ಒಪ್ಪಂದದಲ್ಲಿ ನಿಜಾಮರು ಬಳ್ಳಾರಿಯೂ ಸೇರಿದ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಅದೇ ದತ್ತ ಮಂಡಲವಾಯಿತು. ಕಂಪನಿಯ ಪರವಾಗಿ ಆ ಒಪ್ಪಂದವನ್ನು ಕುದುರಿಸಿದವನು ಇದೇ ಕರ್ಕ್‌ಪ್ಯಾಟ್ರಿಕ್. ಕೋಠಿಯ ಬಂಗಲೆಯವನ ಆ ಕೆಲಸದಿಂದ ಬಳ್ಳಾರಿಯಲ್ಲಿ ಕಂಪನಿಯ ದಂಡು ನೆಲೆಸಿತು. ಆ ದಂಡಿನ ಒಬ್ಬ ಸಿಪಾಯಿಯ ಮನೆಯಲ್ಲಿ ಒಬ್ಬ ಹೆಂಗಸು ಮಗು ಹೆತ್ತಳು. ಬಂಗಲೆಯ ಬೇಗಂಳ ಹೆಸರು ಉಳಿಯಿತು, ಸಿಪಾಯಿಯ ಮನೆಯವಳ ಹೆಸರು ಅಳಿಯಿತು. ಹಾಗಾದರೆ ಅವಳು ಕನ್ನಡದವಳೇ?

ನಾನು ಆಸೆಪಟ್ಟೆ. ಬಳ್ಳಾರಿಯ ಹೆಂಗಸು, ಕನ್ನಡದವಳೇ ಇರಬೇಕು, ಗೆಳೆಯರೂ ನಮ್ಮವರೇ ಎಂದು ಹೇಳಿಬಿಡಲು ನಾಲಗೆ ತುರಿಸಿತು. ಆದರೆ ಅವರ ವರದಿಯಲ್ಲಿರುವುದು ಎಂ ಎಂಬ ದೊಡ್ಡ ಗುಂಪು. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ತಾಯಿಬಳ್ಳಿ ಅದಕ್ಕೇ ಸೇರುತ್ತದೆ. ಅವಳು ಕನ್ನಡದವಳಿರಬಹುದು, ತೆಲುಗಿನವಳಿರಬಹುದು, ದಂಡಿನ ಹಿಂದೆ ಬಂದ ತಮಿಳಿನವಳಿರಬಹುದು. ಭಾಷೆ ರಕ್ತದಲ್ಲಿರುವುದಿಲ್ಲ. ನಮ್ಮ ವೇದಿಕೆಗಳಲ್ಲಿ ನಾವು ‘ನರನಾಡಿಗಳಲ್ಲಿ ಕನ್ನಡ ಹರಿಯುತ್ತಿದೆ’ ಎನ್ನುತ್ತೇವೆ. ನಾನೂ ಅಂದಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಯಾವ ಪ್ರಯೋಗಾಲಯವೂ ಅದನ್ನು ಅಲ್ಲಿ ಕಂಡುಹಿಡಿಯಲಾರದು. ಕನ್ನಡ ಇರುವುದು ನಾಲಗೆಯಲ್ಲಿ, ಕಿವಿಯಲ್ಲಿ, ಬರೆಯುವ ಕೈಯಲ್ಲಿ. ಒಂದು ತಲೆಮಾರು ಆಡದಿದ್ದರೆ ಸಾಕು, ಹೋಯಿತು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕೇ? ಕಾರ್ಯದರ್ಶಿಗಳ ಪ್ರಶ್ನೆಗೆ ಇದೇ ನನ್ನ ಉತ್ತರ.

ಕೊನೆಯದಾಗಿ ಒಂದು ಮಾತು. ನಮ್ಮೂರಿಗೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಬಂದು, ಕಟ್ಟೆಯ ಬಳಿ ನಿಂತು, ನಮ್ಮ ಮನೆತನದ ವಂಶಾವಳಿಯನ್ನು ಉಸಿರು ಬಿಡದೆ ಹೇಳಿ, ಕಾಳು ಕಡಿ ಪಡೆದು ಹೋಗುತ್ತಿದ್ದರು. ನನ್ನ ತಂದೆ ಅದನ್ನೊಮ್ಮೆ ಬರೆಸಿಕೊಂಡಿದ್ದರು. ಗೆಳೆಯರ ಮನೆಯಿಂದ ಬಂದ ರಾತ್ರಿ ಪೆಟ್ಟಿಗೆ ತೆಗೆದು ಆ ಹಾಳೆ ನೋಡಿದೆ. ಒಂಬತ್ತು ತಲೆಮಾರು, ಎಲ್ಲ ಗಂಡಸರ ಹೆಸರು. ನನ್ನ ತಂದೆಯ ಅಜ್ಜಿಯ ಹೆಸರೇನೆಂದು ಯೋಚಿಸಿದೆ. ಗೊತ್ತಿರಲಿಲ್ಲ. ಊರಿಗೆ ಫೋನು ಮಾಡಿ ತೊಂಬತ್ತು ದಾಟಿದ ಸೋದರತ್ತೆಯನ್ನು ಕೇಳಿದೆ. ‘ಎಲ್ಲರೂ ಆಯಿ ಅಂತಿದ್ದೆವಪ್ಪ, ಹೆಸರು ಯಾರು ಕೇಳಿದರು’ ಎಂದರು. ಬಳ್ಳಾರಿಯ ಪಾದ್ರಿಯನ್ನು ದೂರಲು ನನಗೇನು ಹಕ್ಕಿದೆ?

ಆದ್ದರಿಂದ ಸಂಘದ ಮುಂದೆ ಒಂದು ಸಣ್ಣ ಸಲಹೆ ಇಡುತ್ತೇನೆ. ಪ್ರತಿ ಮನೆಯವರೂ ಒಂದು ಹಾಳೆಯಲ್ಲಿ ತಾಯಿ, ತಾಯಿಯ ತಾಯಿ, ತಂದೆಯ ತಾಯಿ, ಅವರ ತಾಯಂದಿರ ಹೆಸರು, ತವರೂರು, ಆಡುತ್ತಿದ್ದ ಮಾತು ಇವಿಷ್ಟನ್ನು ಕನ್ನಡದಲ್ಲಿ ಬರೆದು ಕೊಡಲಿ. ಹಿರಿಯರಿರುವಾಗಲೇ ಕೇಳಲಿ. ಸಂಘ ಅದನ್ನು ಹೊಲಿದು ಒಂದು ಪುಸ್ತಕವಾಗಿ ಇಡಲಿ. ಇದಕ್ಕೆ ಪ್ರಯೋಗಾಲಯ ಬೇಡ, ಹಣ ಬೇಡ.

ಲಾಲಾಗುಡದ ಗೆಳೆಯರು ತಮ್ಮ ವಂಶವೃಕ್ಷವನ್ನು ಮೊನ್ನೆ ಮತ್ತೆ ಬರೆದರು. ಬೇರಿನಲ್ಲಿ ಖಾಲಿಯಿದ್ದ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದರು. ಇಬ್ಬರೂ ಯೋಚಿಸಿ, ‘ಬಳ್ಳಾರಿಯ ತಾಯಿ’ ಎಂದು ಬರೆದೆವು. ಇಂಗ್ಲಿಷಿನಲ್ಲಿ ಅವರು ಬರೆದರು. ಕೆಳಗೆ ಕನ್ನಡದಲ್ಲಿ ನನ್ನಿಂದ ಬರೆಸಿಕೊಂಡರು.